ಅರವತ್ತು ಜನ ಬರುವ ದಿನಕ್ಕೆ ಕಟ್ಟಿ

ಪ್ರಶ್ನೆ: ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ. 1978ರಲ್ಲಿ ಊರವರೇ ಚಂದಾ ಎತ್ತಿ ಕಟ್ಟಿದ ಕಲಾಮಂದಿರ ಇದೆ. ಸಭಾಂಗಣ 60 ಅಡಿ ಉದ್ದ, 40 ಅಡಿ ಅಗಲ, 18 ಅಡಿ ಎತ್ತರ. ಮೇಲೆ ಸಿಮೆಂಟ್ ಶೀಟು, ಕೆಳಗೆ 250 ಪ್ಲಾಸ್ಟಿಕ್ ಕುರ್ಚಿ. ಮಳೆಗಾಲದಲ್ಲಿ ಸೋರುತ್ತೆ, ಮಾತು ಗೊಜಗೊಜ ಕೇಳುತ್ತೆ. ಈಗ ದಾನಿಗಳಿಂದ, ಅನುದಾನದಿಂದ ಸುಮಾರು 80 ಲಕ್ಷ ಕೂಡಿದೆ. 500 ಸೀಟು, ಎ.ಸಿ., ಮುಂದೆ ದೊಡ್ಡ ಕಮಾನು, ಮೊದಲ ಮಹಡಿಯಲ್ಲಿ ಚಿತ್ರಕಲಾ ಗ್ಯಾಲರಿ ಮತ್ತು ನೃತ್ಯ, ಯಕ್ಷಗಾನ ತರಗತಿಗೆ ಕೋಣೆ ಅಂತ ಸಮಿತಿಯವರ ಆಸೆ. ಕೆಲವರು ಪೂರ್ತಿ ಕೆಡವಿ ಹೊಸದು ಕಟ್ಟೋಣ ಅಂತಾರೆ. ಎಲ್ಲಿಂದ ಶುರು ಮಾಡಬೇಕು? ಇನ್ನೊಂದು ವಿಷಯ. ಹಳೇ ನಾಟಕದ ಆರು ಸೀನರಿ ಪರದೆಗಳು ಮೂಲೆಯಲ್ಲಿ ಬಿದ್ದಿವೆ. ಅವನ್ನು ಏನು ಮಾಡೋದು?

ಉತ್ತರ:

ನಿಮ್ಮ ಪತ್ರದ ಜೊತೆ ಕಳಿಸಿದ ಫೋಟೋಗಳನ್ನು ನೋಡಿದೆ. ಮೊದಲು ನನ್ನದೊಂದು ಪ್ರಶ್ನೆ. ಕಳೆದ ವರ್ಷ ನಿಮ್ಮ ಸಭಾಂಗಣ ಎಷ್ಟು ದಿನ ತುಂಬಿತ್ತು? ಗಣೇಶೋತ್ಸವ, ರಾಜ್ಯೋತ್ಸವ, ಶಾಲೆಯ ವಾರ್ಷಿಕೋತ್ಸವ ಎಲ್ಲ ಸೇರಿಸಿದರೂ ಎಂಟೋ ಹತ್ತೋ ದಿನ ಇರಬಹುದು. ಉಳಿದ ದಿನ ನಾಟಕಕ್ಕೆ, ತಾಳಮದ್ದಲೆಗೆ, ಕಛೇರಿಗೆ ಬರೋರು ಐವತ್ತು ಅರವತ್ತು ಜನ. ಕಲಾಮಂದಿರ ನಡೆಯೋದು ಅವರಿಂದ. ಆದರೆ ನಾವು ಕಟ್ಟೋದು ಮಾತ್ರ ಉದ್ಘಾಟನೆಯ ದಿನಕ್ಕೆ. ಮಂತ್ರಿಗಳು ಬರುವ ದಿನ ಸಾಲದೇ ಹೋದರೆ ಅಂತ 500 ಸೀಟು. ಆಮೇಲೆ ಮೂವತ್ತು ವರ್ಷ ಆ ಅರವತ್ತು ಜನ ಖಾಲಿ ಕುರ್ಚಿಗಳ ಮಧ್ಯೆ ಚದುರಿ ಕೂತು ಪ್ರತಿಧ್ವನಿ ಕೇಳಬೇಕು.

ನನ್ನ ಉತ್ತರ ಇಷ್ಟೇ: ಅರವತ್ತು ಜನ ಬರುವ ದಿನಕ್ಕೆ ಕಟ್ಟಿ. ಮುಂದಿನದೆಲ್ಲ ಇದರ ವಿವರ.

ಸೀಟಿನ ವಿಷಯ ಮೊದಲು ಮುಗಿಸಿಬಿಡೋಣ. 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಶುರುವಾದ ರಂಗಶಂಕರದಲ್ಲಿ ಇರೋದು ಸುಮಾರು 300 ಸೀಟು. ಅಷ್ಟು ದೊಡ್ಡ ಊರಿನಲ್ಲೇ ಅಷ್ಟು ಸಾಕು ಅಂತ ಮಾಡಿದರು. ಕೊನೆಯ ಸಾಲಲ್ಲಿ ಕೂತರೂ ನಟನ ಮುಖ ಕಾಣುತ್ತೆ. ನಿಮ್ಮ ಊರಿಗೆ 250 ಧಾರಾಳ ಆಯಿತು. ದೊಡ್ಡ ದಿನಗಳಿಗೆ ಹಿತ್ತಲಿದೆ ಅಲ್ವಾ? ಫೋಟೋದಲ್ಲಿ ಹಲಸಿನ ಮರದ ಪಕ್ಕ ಇಳಿಜಾರು ಜಾಗ ಕಾಣ್ತಿದೆ. ಮೈಸೂರಿನ ರಂಗಾಯಣದಲ್ಲಿ ಒಳಗೆ ಭೂಮಿಗೀತ ಇದ್ದರೆ ಹೊರಗೆ ವನರಂಗ ಇದೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದೆ ಸಂಸ ಬಯಲು ರಂಗಮಂದಿರ ಇದೆ. ಇಳಿಜಾರಿಗೆ ಜಂಬಿಟ್ಟಿಗೆಯ ಮೆಟ್ಟಿಲು, ಕೆಳಗೆ ಒಂದು ಕಟ್ಟೆ, ಎರಡು ಕರೆಂಟ್ ಪಾಯಿಂಟ್. ನವೆಂಬರಿನಿಂದ ಮೇವರೆಗೆ ನಿಮಗೆ ಐನೂರು ಅಲ್ಲ, ಸಾವಿರ ಸೀಟು ಸಿಕ್ಕ ಹಾಗೆ. ವಿಸ್ತರಣೆ ಅಂದರೆ ಯಾವಾಗಲೂ ಗೋಡೆ, ತಾರಸಿ ಆಗಬೇಕಿಲ್ಲ.

ಕೆಡವಬೇಕಾ ಅನ್ನೋದಕ್ಕೆ ಉತ್ತರ ನಾನು ಇಲ್ಲಿ ಕೂತು ಹೇಳೋದು ತಪ್ಪು. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಕಂಟ್ರಾಕ್ಟರನ್ನಲ್ಲ. ಕೆಡವಿ ಕಟ್ಟಿದರೆ ಕಂಟ್ರಾಕ್ಟರಿಗೆ ಲಾಭ, ಹಾಗಾಗಿ ಅವರ ಸಲಹೆ ಏನಿರುತ್ತೆ ಅಂತ ಕೇಳದೇ ಗೊತ್ತಾಗುತ್ತೆ. ಎಂಜಿನಿಯರ್ ಪಾಯದ ಪಕ್ಕ ಗುಂಡಿ ತೆಗೆಸಿ ನೋಡಲಿ. ಕಂಬದ ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸಲಿ. ಕಬ್ಬಿಣ ತುಕ್ಕು ಹಿಡಿದು ಗಾರೆ ಉಬ್ಬಿದೆಯಾ ಅಂತ ತಟ್ಟಿ ನೋಡಲಿ. ಫೋಟೋದಲ್ಲಿ ಗೋಡೆ ಕಲ್ಲಿನದು, ದಪ್ಪ ಇದೆ, ದೊಡ್ಡ ಬಿರುಕು ಕಾಣಲಿಲ್ಲ. ಅವರು ಬೇಡ ಅನ್ನುವವರೆಗೆ ಕೆಡವೋ ಮಾತು ಬೇಡ. ಕೆಡವಿದ ಮೇಲೆ ನಿಮ್ಮ 80 ಲಕ್ಷ ಅಸ್ತಿವಾರ, ಗೋಡೆ, ಸೂರಿಗೇ ಕರಗಿ ಒಳಗಿನ ಕೆಲಸಕ್ಕೆ ಏನೂ ಉಳಿಯೋದಿಲ್ಲ. ಹೊರಗೆ ಬಣ್ಣ, ಒಳಗೆ ಗೂಡು. ಅಂಥ ಕಟ್ಟಡ ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ.

ಈಗ ನಿಜವಾದ ವಿಷಯಕ್ಕೆ ಬರೋಣ. ಮಾತು ಗೊಜಗೊಜ ಯಾಕೆ ಕೇಳುತ್ತೆ?

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಹೊಸ ಕಲಾ ಸಂಗ್ರಹಾಲಯ ಕಟ್ಟಿದರು. ಅದರ ಉಪನ್ಯಾಸ ಕೋಣೆಯಲ್ಲಿ ಯಾರು ಏನು ಹೇಳಿದರೂ ಅರ್ಥವಾಗುತ್ತಿರಲಿಲ್ಲ. ಒಂದು ಸದ್ದು ಪೂರ್ತಿ ಅಡಗಲು ಐದು ಸೆಕೆಂಡಿಗೂ ಜಾಸ್ತಿ ಬೇಕಿತ್ತು. ವಾಲೇಸ್ ಸೇಬೈನ್ ಅನ್ನೋ ಕಿರಿಯ ಮೇಷ್ಟ್ರಿಗೆ ಇದನ್ನು ಸರಿಮಾಡು ಅಂದರು. ಅವರು ಹತ್ತಿರದ ಇನ್ನೊಂದು ಸಭಾಂಗಣದ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು, ಒಂದೊಂದೇ ಸಾಲು ಹಾಕುತ್ತಾ, ಸದ್ದು ಅಡಗುವ ಹೊತ್ತನ್ನು ಅಳೆದರು. ಬೆಳಗಾಗೋದರೊಳಗೆ ಮೆತ್ತೆಗಳನ್ನು ವಾಪಸ್ ಇಡಬೇಕಿತ್ತು. ಆ ರಾತ್ರಿಗಳ ಲೆಕ್ಕದಿಂದ ಬಂದ ಸೂತ್ರವನ್ನೇ ಇವತ್ತಿಗೂ ಎಲ್ಲರೂ ಬಳಸೋದು. ಕೋಣೆ ದೊಡ್ಡದಾದಷ್ಟೂ ಸದ್ದು ಜಾಸ್ತಿ ಹೊತ್ತು ತಿರುಗುತ್ತೆ. ಸದ್ದು ಹೀರುವ ವಸ್ತು ಜಾಸ್ತಿಯಾದಷ್ಟೂ ಬೇಗ ಅಡಗುತ್ತೆ.

ಅಡಿ ಲೆಕ್ಕದಲ್ಲಿ ಹೇಳುತ್ತೇನೆ, ನೀವೇ ಪೆನ್ನು ಹಿಡಿದು ಮಾಡಬಹುದು. ನಿಮ್ಮ ಸಭಾಂಗಣದ ಒಟ್ಟು ಗಾತ್ರ 43,200 ಘನ ಅಡಿ. ಅದನ್ನು 0.049ರಿಂದ ಗುಣಿಸಿ: ಸುಮಾರು 2,117. ಇದನ್ನು ಸದ್ದು ಹೀರುವ ಒಟ್ಟು ಚದರಡಿಯಿಂದ ಭಾಗಿಸಿದರೆ ಸೆಕೆಂಡ್ ಸಿಗುತ್ತೆ. ನೆಲ, ಗೋಡೆ, ಸೂರು ಸೇರಿ 8,400 ಚದರಡಿ. ಗಾರೆ, ಸಿಮೆಂಟು, ಶೀಟು ಇವೆಲ್ಲ ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಐದರಷ್ಟು ಹೀರುತ್ತವೆ ಅಂತಿಟ್ಟುಕೊಳ್ಳಿ. 420 ಆಯಿತು. ಖಾಲಿ ಸಭಾಂಗಣದಲ್ಲಿ ಐದು ಸೆಕೆಂಡ್! ಸೇಬೈನ್ ಕೈಗೆ ಸಿಕ್ಕ ಕೋಣೆಗೂ ನಿಮ್ಮದಕ್ಕೂ ಹೆಚ್ಚು ಕಡಿಮೆ ಇಲ್ಲ. ಒಬ್ಬ ಮನುಷ್ಯ ಸುಮಾರು ಐದು ಚದರಡಿಯಷ್ಟು ಹೀರುತ್ತಾನೆ. 250 ಜನ ಕೂತರೆ 1,250 ಸೇರಿ 1,670. ಆಗ 1.3 ಸೆಕೆಂಡ್. ಮಾತಿಗೆ 0.8ರಿಂದ 1 ಸೆಕೆಂಡ್ ಒಳ್ಳೆಯದು, 1.3ಕ್ಕೂ ಕಿವಿ ಒಗ್ಗುತ್ತೆ. ಸಂಗೀತಕ್ಕಂತೂ ಅಷ್ಟು ಇದ್ದರೇನೇ ಚೆನ್ನ. ಆದರೆ ಅರವತ್ತೇ ಜನ ಬಂದರೆ? 720. ಮೂರು ಸೆಕೆಂಡ್ ಹತ್ತಿರ.

ಅದಕ್ಕೇ ಉದ್ಘಾಟನೆ ದಿನ ಎಲ್ಲರೂ 'ಏನು ಸೌಂಡ್ ರೀ!' ಅಂತ ಹೊಗಳೋದು, ನಾಟಕದ ದಿನ ನಟರು ಬೈಯೋದು. ಹಾಲು ಅದೇ. ಬಂದ ಜನ ಬೇರೆ.

ಇನ್ನೊಂದು ತೊಂದರೆ ಹಿಂದಿನ ಗೋಡೆಯದು. ನಟ ಆಡಿದ ಮಾತು 60 ಅಡಿ ಹೋಗಿ, ಗೋಡೆಗೆ ಬಡಿದು, 60 ಅಡಿ ವಾಪಸ್ ಬಂದು ಮುಂದಿನ ಸಾಲಿನವರ ಕಿವಿಗೆ ಬೀಳೋವಾಗ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತೆ. ಅಷ್ಟು ತಡವಾದರೆ ಕಿವಿಗೆ ಅದು ಬೇರೆಯೇ ಮಾತು. ಒಂದು ಮಾತಿಗೆ ಎರಡು ಬಾಯಿ. ಮೈಕ್ ಜೋರು ಮಾಡಿದರೆ ಎರಡೂ ಬಾಯಿ ಜೋರಾಗುತ್ತೆ, ಅಷ್ಟೇ. ಹೊಸ ಸ್ಪೀಕರ್ ತಂದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಟೀ ಕೊಟ್ಟು ಕಳಿಸಿ.

ಹಾಗಾದರೆ ಏನು ಮಾಡಬೇಕು? ಹಿಂದಿನ ಗೋಡೆಯಲ್ಲಿ ಬಾಗಿಲು ಬಿಟ್ಟು ಸುಮಾರು 600 ಚದರಡಿ ಉಳಿಯುತ್ತೆ. ಅಷ್ಟಕ್ಕೂ ಸದ್ದು ಹೀರುವ ಹಲಗೆ ಹೊಡೆಸಿ. ವುಡ್‌ವುಲ್ ಬೋರ್ಡ್ ಅಂತ ಸಿಗುತ್ತೆ, ಮರದ ನಾರನ್ನು ಸಿಮೆಂಟಿನಲ್ಲಿ ಕಲಸಿ ಒತ್ತಿದ್ದು, ಶಾವಿಗೆ ಒತ್ತಿ ಒಣಗಿಸಿದ ಹಾಗೆ ಕಾಣುತ್ತೆ. ನಿಮ್ಮ ಊರಿನ ತೇವಕ್ಕೆ ಫೋಮಿಗಿಂತ ಇದು ವಾಸಿ. ಗೆದ್ದಲೂ ಸುಲಭಕ್ಕೆ ಮುಟ್ಟೋದಿಲ್ಲ, ಬೆಂಕಿಯೂ ಬೇಗ ಹತ್ತೋದಿಲ್ಲ. ಗೋಡೆಗೆ ಅಂಟಿಸಬೇಡಿ. ರೀಪು ಹೊಡೆದು, ಹಿಂದೆ ಎರಡು ಇಂಚು ಸಂದಿ ಬಿಟ್ಟು, ಸಂದಿಯಲ್ಲಿ ಕಲ್ಲಿನ ನಾರಿನಿಂದ ಮಾಡಿದ ರಾಕ್‌ವುಲ್ ತುಂಬಿಸಿ ಹೊಡೆಸಿ. ಸೂರಿನ ಹಿಂದಿನ ಅರ್ಧಕ್ಕೂ ಇದೇ ಬೋರ್ಡ್, ಸಾವಿರ ಚದರಡಿಯಷ್ಟು. ವೇದಿಕೆಯ ಹತ್ತಿರದ ಅರ್ಧಕ್ಕೆ ಮಾತ್ರ ಬೇಡ. ಅಲ್ಲಿ ಗಟ್ಟಿ ಪ್ಲೈವುಡ್ ಹಾಕಿ, ನಟನ ದನಿಯನ್ನು ಅದೇ ಹಿಂದಕ್ಕೆ ತಳ್ಳುತ್ತೆ. ಈ ಬೋರ್ಡು ಬಿದ್ದ ಸದ್ದಿನ ಶೇಕಡ 60 ಹೀರಿದರೆ 960 ಸೇರಿಕೊಳ್ಳುತ್ತೆ. ಅರವತ್ತು ಜನರಿರುವ ದಿನ 1.3 ಸೆಕೆಂಡಿಗೆ ಬಂದಿರಿ. ಹಾಲು ತುಂಬಿದ ದಿನದ್ದು ಅರವತ್ತು ಜನಕ್ಕೇ ಸಿಕ್ಕಿತು.

ಬೋರ್ಡಿನ ಮೇಲೆ ಪೇಂಟು ಬಳಿಯಲು ಬಿಡಬೇಡಿ. ಐದು ವರ್ಷ ಆದ ಮೇಲೆ ಯಾರೋ 'ಸ್ವಲ್ಪ ಚಂದ ಕಾಣಲಿ' ಅಂತ ದಪ್ಪಗೆ ಎರಡು ಕೋಟು ಹೊಡೆಸಿ ಎಲ್ಲ ತೂತು ಮುಚ್ಚಿಬಿಡುತ್ತಾರೆ. ಬೋರ್ಡಿನ ಹತ್ತಿರವೇ ಒಂದು ಫಲಕ ಹಾಕಿ: ಬಣ್ಣ ಹೊಡೆಯಬೇಡಿ.

ಕುರ್ಚಿಗೆ ದುಡ್ಡು ಉಳಿದರೆ ಸೀಟಿಗೂ ಬೆನ್ನಿಗೂ ಬಟ್ಟೆ ಮೆತ್ತೆ ಇರುವಂಥದ್ದು ತೊಗೊಳ್ಳಿ. ಒಬ್ಬ ಮನುಷ್ಯ ಹೀರುವ ಸದ್ದಿನಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಖಾಲಿ ಮೆತ್ತೆ ಕುರ್ಚಿಯೇ ಹೀರುತ್ತೆ. ಸೇಬೈನ್ ಕಂಡದ್ದೂ ಅದೇ ತಾನೇ? ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ, ಹಾಗಾಗಿ ಕವರು ಬಿಚ್ಚಿ ಒಗೆಯುವಂತಿರಲಿ. ಎಲ್ಲ ಕುರ್ಚಿಯನ್ನೂ ನೆಲಕ್ಕೆ ಬೋಲ್ಟ್ ಮಾಡಬೇಡಿ. ಮುಂದಿನ ಅರ್ಧ ಸಪಾಟು ನೆಲವಾಗೇ ಇರಲಿ, ಕುರ್ಚಿ ಎತ್ತಿಡುವಂತಿರಲಿ. ಬೇಸಿಗೆ ಶಿಬಿರಕ್ಕೆ ಮಕ್ಕಳು ನೆಲದಲ್ಲಿ ಕೂತು ಚಿತ್ರ ಬಿಡಿಸುತ್ತಾರೆ, ಯಾರಾದರೂ ನಿರ್ದೇಶಕರು ಮಧ್ಯದಲ್ಲೇ ನಾಟಕ ಆಡಿಸುತ್ತೇನೆ ಅಂತಾರೆ. ಹಿಂದಿನ ಅರ್ಧಕ್ಕೆ ಕಬ್ಬಿಣದ ಚೌಕಟ್ಟು, ಮರದ ಹಲಗೆಯ ಮೆಟ್ಟಿಲು ಮಾಡಿ, ಒಂದೊಂದು ಸಾಲಿಗೆ ಎಂಟು ಇಂಚಿನಂತೆ ಏರಿಸಿ. ಮುಂದಿನವರ ತಲೆಯ ಕಾಟ ತಪ್ಪುತ್ತೆ.

ಇದೆಲ್ಲಕ್ಕೂ ಮೊದಲು ಸೂರು. ನಿಮ್ಮಲ್ಲಿ ಇರೋದು ಹಳೇ ಎ.ಸಿ. ಶೀಟು. (ಸಮಿತಿಯಲ್ಲಿ ಯಾರೋ 'ಈಗಾಗಲೇ ಎ.ಸಿ. ಇದೆಯಲ್ಲ' ಅಂತ ತಮಾಷೆ ಮಾಡಿರಬೇಕು.) ಅದರ ಎ ಅಂದರೆ ಆಸ್ಬೆಸ್ಟಾಸ್. ಆಸ್ಬೆಸ್ಟಾಸ್ ಯಾವ ಬಗೆಯದಾದರೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಸುಮ್ನೆ ಇದ್ದಾಗ ಅಪಾಯ ಕಡಿಮೆ, ಒಡೆದಾಗ ಜಾಸ್ತಿ. ಸುತ್ತಿಗೆಯಿಂದ ಹೊಡೆದು ಕೆಳಗೆ ಬೀಳಿಸಲು ಬಿಡಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಕೆಲಸದವರಿಗೆ ಒಳ್ಳೆ ಮಾಸ್ಕ್ ಕೊಡಿ, ಟವೆಲು ಸಾಲದು. ಎಲ್ಲಿ ಹಾಕಬೇಕು ಅಂತ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಯಾರದೋ ದನದ ಕೊಟ್ಟಿಗೆಗೆ ಆಗುತ್ತೆ ಅಂತ ಕೊಟ್ಟುಬಿಡಬೇಡಿ.

ಹೊಸ ಸೂರಿಗೆ ಬರೀ ತಗಡಿನ ಶೀಟು ಹಾಕಿದರೆ ಜುಲೈ ತಿಂಗಳಲ್ಲಿ ನಿಮ್ಮ ಕಲಾಮಂದಿರ ದೊಡ್ಡ ಚೆಂಡೆ ಆಗುತ್ತೆ. ನಾನು ಒಂದು ಊರಿನಲ್ಲಿ ನಾಟಕದ ಎರಡನೇ ಅಂಕ ಪೂರ್ತಿ ಬರೀ ಬಾಯಾಡಿಸುವುದನ್ನು ನೋಡಿದ್ದೇನೆ. ಮಳೆ ನಿಂತ ಮೇಲೆ ನಟರು ಪಾಪ ಮೊದಲಿಂದ ಆಡಿದರು. ಮಳೆ ಸದ್ದು ತಡೆಯೋದು ತೂಕ. ಮೇಲೆ ಶೀಟು, ಅದರ ಕೆಳಗೆ ರಾಕ್‌ವುಲ್, ಅದರ ಕೆಳಗೆ ದಪ್ಪ ಪ್ಲೈ ಅಥವಾ ಸಿಮೆಂಟ್ ಬೋರ್ಡ್, ಆಮೇಲೆ ಗಾಳಿಯ ಸಂದಿ ಬಿಟ್ಟು ಒಳಗಿನ ಸೀಲಿಂಗ್. ಮಂಗಳೂರು ಹೆಂಚೇ ಬೇಕು ಅಂದರೆ ಒಳ್ಳೆಯದೇ, ಕೆಳಗೆ ಹಲಗೆಯ ಹಾಸು ಇರಲಿ. ಈ ತೂಕ ಹೊರಲು ಹಳೇ ಟ್ರಸ್ಸು, ಅಂದರೆ ಸೂರು ಹೊತ್ತ ಚೌಕಟ್ಟು, ಸಾಕಾ ಅಂತ ಎಂಜಿನಿಯರ್ ಲೆಕ್ಕ ಹಾಕಲೇಬೇಕು. ಸೂರಿನ ಕೆಲಸವನ್ನು ಡಿಸೆಂಬರಿನಲ್ಲಿ ಶುರು ಮಾಡಿ. ಏಪ್ರಿಲಿನಲ್ಲಿ ಶುರು ಮಾಡಿದವರು ಜೂನಿನಲ್ಲಿ ಟಾರ್ಪಾಲು ಹಿಡಿದು ನಿಲ್ಲುತ್ತಾರೆ.

ಎ.ಸಿ. ಬೇಡ ಅನ್ನೋದು ನನ್ನ ಅಭಿಪ್ರಾಯ. ಮಲೆನಾಡಿಗೆ ಅದರ ಅಗತ್ಯ ಬೀಳೋದು ವರ್ಷಕ್ಕೆ ಎರಡು ತಿಂಗಳು. ಅರವತ್ತು ಜನರ ನಾಟಕದ ಟಿಕೆಟ್ ದುಡ್ಡಿನಲ್ಲಿ ಅದರ ಕರೆಂಟ್ ಬಿಲ್ಲು ಹುಟ್ಟೋದಿಲ್ಲ. ಸಂಘದವರು 'ಎ.ಸಿ. ಹಾಕಿದರೆ ಬಾಡಿಗೆ ಇಷ್ಟು' ಅಂದ ದಿನದಿಂದ ಹವ್ಯಾಸಿ ತಂಡಗಳು ಆ ಕಡೆ ತಲೆ ಹಾಕೋದಿಲ್ಲ. ಗೋಡೆಯ ಕೆಳಗೆ ಗಾಳಿ ಬರುವ ಕಿಂಡಿ, ಮಾಡಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗುವ ಕಿಂಡಿ, ಸದ್ದಿಲ್ಲದೆ ನಿಧಾನ ತಿರುಗುವ ದೊಡ್ಡ ಫ್ಯಾನು ಸಾಕು. ಕಿಂಡಿಗೆ ಬಾವಲಿ ಬಾರದಂತೆ ಜಾಲರಿ.

ವೇದಿಕೆಯ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತೆ. ಕೆಲವು ವರ್ಷದ ಹಿಂದೆ ಒಂದು ಜಿಲ್ಲಾ ಕೇಂದ್ರದ ಹೊಸ ರಂಗಮಂದಿರಕ್ಕೆ ಲೈಟ್ ಮಾಡಲು ಹೋಗಿದ್ದೆ. ಊರಿನ ಹೆಸರು ಬೇಡ. ವೇದಿಕೆಗೆ ಕನ್ನಡಿಯ ಹಾಗೆ ಹೊಳೆಯುವ ಕರಿ ಗ್ರಾನೈಟ್. ಸ್ಪಾಟ್ ಹಾಕಿದರೆ ನರ್ತಕಿಯ ಮೇಲೆ ಬೀಳುವ ಬೆಳಕಿನಷ್ಟೇ ನೆಲದಿಂದ ಚಿಮ್ಮಿ ಸೂರಿಗೂ ಬೀಳ್ತಿತ್ತು. ಸಂಜೆ ರಿಹರ್ಸಲ್ಲಿಗೆ ಬಂದ ಹುಡುಗಿ ಎರಡು ಅಡವು ತಟ್ಟಿದಳು. ನಿಂತಳು. ಮಂಡಿ ಹಿಡಿದುಕೊಂಡು ಮೇಷ್ಟ್ರ ಕಡೆ ನೋಡಿದಳು. ಜಮಖಾನೆ ಹಾಸೋಣ ಅಂದರು. ಗ್ರಾನೈಟಿನ ಮೇಲೆ ಜಮಖಾನೆ ಜಾರಿತು. ಕೊನೆಗೆ ಪಕ್ಕದ ಶಾಲೆಯಿಂದ ಎಂಟು ಪ್ಲೈವುಡ್ ಹಲಗೆ ತಂದು, ಟೇಪು ಅಂಟಿಸಿ ಕುಣಿದಳು. ಕೋಟಿಗಟ್ಟಲೆ ಖರ್ಚಾದ ಕಟ್ಟಡದಲ್ಲಿ ಆ ರಾತ್ರಿ ಕೆಲಸಕ್ಕೆ ಬಂದದ್ದು ಆ ಎಂಟು ಹಲಗೆ.

ನಿಮ್ಮ ವೇದಿಕೆಗೆ ಮರವೇ ಇರಲಿ. ಸಿಮೆಂಟ್ ನೆಲದ ಮೇಲೆ ಒಂದೂವರೆ ಅಡಿಗೊಂದು ರೀಪು, ರೀಪಿನ ಕೆಳಗೆ ರಬ್ಬರ್ ತುಂಡು, ಮೇಲೆ ಎರಡು ಪದರ ಪ್ಲೈ ಅಡ್ಡ ಉದ್ದ ಹಾಕಿ, ಕೊನೆಗೆ ಹೊಳಪಿಲ್ಲದ ಕಪ್ಪು ಬಣ್ಣ. ಯಕ್ಷಗಾನದವರು ಮಂಡಿ ಹಾಕುವಾಗ, ಅಂದರೆ ಮಂಡಿಯೂರಿ ತಿರುಗುವಾಗ, ನೆಲ ಸ್ವಲ್ಪ ಬಾಗಬೇಕು, ಗುಂಯ್ ಅನ್ನಬಾರದು. ಎತ್ತರ ಮೂರು ಅಡಿ ಸಾಕು. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ನಾಲ್ಕು ಅಡಿಗಿಂತ ಚೂರು ಕೆಳಗೆ ಇರುತ್ತೆ. ವೇದಿಕೆ ನಾಲ್ಕೂವರೆ ಅಡಿ ಮಾಡಿದರೆ ಮುಂದಿನ ಸಾಲಿಗೆ ಹೆಜ್ಜೆ, ಗೆಜ್ಜೆ ಒಂದೂ ಕಾಣೋದಿಲ್ಲ. ಎತ್ತರದ ವೇದಿಕೆ ಭಾಷಣಕ್ಕೆ ಹೇಳಿ ಮಾಡಿಸಿದ್ದು. ವೇದಿಕೆಯ ಅಕ್ಕಪಕ್ಕ ಪರದೆಯ ಮರೆಯಲ್ಲಿ ಹತ್ತತ್ತು ಅಡಿ ಜಾಗ ಬಿಡಿ. ಮೋಟಾರಿನ ಪರದೆ ಹಾಕಿಸಬೇಡಿ. ಕೆಟ್ಟರೆ ಬೆಂಗಳೂರಿನಿಂದ ಜನ ಬರಬೇಕು. ಹಗ್ಗ, ರಾಟೆ ಇದ್ದರೆ ನಿಮ್ಮ ಹುಡುಗರೇ ಎಳೆಯುತ್ತಾರೆ, ಕತೆಗೆ ತಕ್ಕ ವೇಗದಲ್ಲಿ ಎಳೆಯುತ್ತಾರೆ.

ಲೈಟು ಕಟ್ಟಲು ವೇದಿಕೆಯ ಮೇಲೆ ಮೂರು, ಹೊರಗೆ ಪ್ರೇಕ್ಷಕರ ತಲೆ ಮೇಲೆ ಒಂದು ಪೈಪು ಬೇಕು. ಹೊರಗಿನದು ವೇದಿಕೆಯ ಅಂಚಿನಿಂದ ಎಂಟು ಹತ್ತು ಅಡಿ ಮುಂದಿರಲಿ, ಆಗ ಮುಖದ ಮೇಲೆ ಬೆಳಕು ಸರಿಯಾದ ಓರೆಯಲ್ಲಿ ಬೀಳುತ್ತೆ. ಒಂದೂವರೆ ಇಂಚಿನ ಜಿ.ಐ. ಪೈಪೇ ಹಾಕಿಸಿ, ಲೈಟಿನ ಕ್ಲಾಂಪು ಕೂರೋದು ಅದಕ್ಕೆ. ಚೌಕ ಪೈಪು ಹಾಕಿಸಿ ಆಮೇಲೆ ತೆಂಗಿನ ಹಗ್ಗದಲ್ಲಿ ಲೈಟು ಕಟ್ಟಿದ್ದನ್ನೂ ನೋಡಿದ್ದೇನೆ. ಪ್ರತಿ ಲೈಟಿಗೂ ಒಂದು ಸರಪಳಿ ಇರಲೇಬೇಕು. ಸಾವಿರ ವ್ಯಾಟಿನ ಹಳೇ ಹ್ಯಾಲೊಜೆನ್ ಇಪ್ಪತ್ತು ಹಾಕಿದರೆ 20 ಕಿಲೋವ್ಯಾಟ್. ಅದೇ ಕೆಲಸ 200 ವ್ಯಾಟಿನ ಎಲ್‌ಇಡಿ ಇಪ್ಪತ್ತು ಹಾಕಿದರೆ ನಾಲ್ಕರಲ್ಲಿ ಮುಗಿಯುತ್ತೆ. ಜನರೇಟರೂ ಚಿಕ್ಕದು ಸಾಕು. ಲೈಟಿನ ಲೈನು, ಸೌಂಡಿನ ಲೈನು ಬೇರೆ ಬೇರೆ ಎಳೆಸಿ, ಅರ್ಥಿಂಗ್ ಹೊಸದಾಗಿ ಮಾಡಿಸಿ.

ಬೆಂಕಿಯ ಮಾತು ಇಲ್ಲೇ ಹೇಳಿಬಿಡುತ್ತೇನೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಹೊಗೆ ತುಂಬಿದಾಗ ಬಾಲ್ಕನಿಯವರಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ. ಓಡಾಡುವ ದಾರಿಯಲ್ಲಿ ಹೆಚ್ಚಿಗೆ ಸೀಟು ಹಾಕಿದ್ದರು. ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದಲ್ಲಿ ಶಾಹು ಮಹಾರಾಜರ ಕಾಲದಲ್ಲಿ, 1915ರಲ್ಲಿ ಮುಗಿದ ಕೇಶವರಾವ್ ಭೋಸಲೆ ನಾಟ್ಯಗೃಹ 2024ರ ಆಗಸ್ಟ್ 8ರ ರಾತ್ರಿ ಹೊತ್ತಿ ಉರಿಯಿತು. ನೂರು ವರ್ಷ ದಾಟಿದ ರಂಗಮಂದಿರ ಒಂದು ರಾತ್ರಿಯಲ್ಲಿ ಹೋಯಿತು. ರಂಗಮಂದಿರದ ತುಂಬಾ ಬಟ್ಟೆ, ಮರ, ವೈರು, ಬಿಸಿ ಲೈಟು. ಹಾಗಾಗಿ ಎರಡೂ ಬದಿಗೆ ಹೊರಕ್ಕೆ ತೆರೆಯುವ ಬಾಗಿಲು ಇರಲಿ. ಒಳಗಿನಿಂದ ತಳ್ಳಿದರೆ ತೆರೆಯಬೇಕು, ಬೀಗ ಬೇಡ. ಮಧ್ಯದ ದಾರಿ ನಾಲ್ಕು ಅಡಿ ಇರಲಿ. ರಾಜ್ಯೋತ್ಸವದ ದಿನ ಆ ದಾರಿಯಲ್ಲಿ ಹೆಚ್ಚುವರಿ ಕುರ್ಚಿ ಹಾಕೋಕೆ ಬಂದವರನ್ನು ಗದರಿಸುವ ಧೈರ್ಯ ಇರುವ ಒಬ್ಬರನ್ನು ಸಮಿತಿಯಲ್ಲಿ ಇಟ್ಟುಕೊಳ್ಳಿ. ವೇದಿಕೆಯ ಹೊಸ ಪರದೆ, ಕುರ್ಚಿಯ ಮೆತ್ತೆಗಳ ಬಟ್ಟೆಗೆ ಬೆಂಕಿ ತಡೆಯುವ ದ್ರಾವಣ ಹಾಕಿಸಿ.

ಮೊದಲ ಮಹಡಿಯ ಆಸೆ ಬಿಟ್ಟುಬಿಡಿ. ಮನೆಯ ತಾರಸಿಯನ್ನು ಒಂದು ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಹೊರುವಂತೆ ಲೆಕ್ಕ ಹಾಕುತ್ತಾರೆ. ಜನ ಸೇರಿ ಓಡಾಡುವ, ಕುಣಿಯುವ ಕೋಣೆಗೆ ಕಟ್ಟಡ ಹೊರಬೇಕಾದ ಭಾರದ ಬಗ್ಗೆ ಇರುವ ನಮ್ಮ ಭಾರತೀಯ ಮಾನದಂಡ ಐ.ಎಸ್. 875 ಪ್ರಕಾರ 500 ಕೆ.ಜಿ. ಬೇಕು. 1978ರಲ್ಲಿ ಶೀಟಿನ ಸೂರಿಗೆ ಅಂತ ಕಟ್ಟಿದ ಗೋಡೆ, ಪಾಯದ ಮೇಲೆ ಅದನ್ನು ಹೊರಿಸೋದು ಬೇಡ. ಅಲ್ಲದೆ ಮೇಲೆ ಚೆಂಡೆ ಮದ್ದಳೆ ಕಲಿಸುವಾಗ ಕೆಳಗೆ ತಂಬೂರಿ ಕಛೇರಿ ನಡೆಯುತ್ತಾ? ತರಗತಿಯ ಕೋಣೆಯನ್ನು ಹಿತ್ತಲ ಕಡೆ ಬೇರೆಯಾಗಿ, ಮುಖ್ಯ ಕಟ್ಟಡಕ್ಕೆ ತಾಗದಂತೆ ಕಟ್ಟಿ. 30 ಅಡಿಗೆ 24 ಅಡಿ ಸಾಕು. ವೇದಿಕೆಯ ಅಳತೆಯದೇ ಮರದ ನೆಲ, ಒಂದು ಗೋಡೆಗೆ ಕನ್ನಡಿ. ಪ್ರದರ್ಶನದ ದಿನ ಇದೇ ಯಕ್ಷಗಾನದ ಚೌಕಿ ಆಗುತ್ತೆ, ಪಾತ್ರಧಾರಿಗಳು ಸಾಲಾಗಿ ನೆಲದಲ್ಲಿ ಕೂತು ಬಣ್ಣ ಹಚ್ಚಿಕೊಳ್ಳಲು ಉದ್ದ ಜಾಗ ಬೇಕಲ್ಲ. ಹೆಣ್ಣುಮಕ್ಕಳಿಗೆ ಬೇರೆ ಕೋಣೆ, ಅದಕ್ಕೆ ಅಂಟಿದಂತೆ ಶೌಚಾಲಯ. ವೇಷ ಹಾಕಿಕೊಂಡ ದ್ರೌಪದಿ ಪ್ರೇಕ್ಷಕರ ಸಾಲು ದಾಟಿ ಹೊರಗಿನ ಶೌಚಾಲಯಕ್ಕೆ ಹೋಗುವ ದೃಶ್ಯ ನಮ್ಮ ಎಷ್ಟೋ ಸಭಾಂಗಣಗಳಲ್ಲಿ ಇದೆ. ವೇದಿಕೆಗೆ ರ‍್ಯಾಂಪ್ ಕೂಡ ಹಿಂದಿನಿಂದಲೇ. ಒಂದಕ್ಕೆ ಹನ್ನೆರಡರ ಇಳಿಜಾರು ಅಂದರೆ ಮೂರು ಅಡಿ ಏರಲು 36 ಅಡಿ ಉದ್ದ. ಸನ್ಮಾನಕ್ಕೆ ಕರೆದ ಎಂಬತ್ತು ವರ್ಷದ ಭಾಗವತರನ್ನು ನಾಲ್ಕು ಜನ ಎತ್ತಿ ಮೇಲೆ ಹತ್ತಿಸೋದು ಗೌರವ ಅಲ್ಲ.

ಗ್ಯಾಲರಿ ಎಲ್ಲಿ? ಮುಂದಿನ ಜಗಲಿಯಲ್ಲಿ. ಕಮಾನು ಕಟ್ಟಬೇಕು ಅಂತಿದ್ದೀರಲ್ಲ, ಆ ದುಡ್ಡು ಇಲ್ಲಿ ಹಾಕಿ. ಮಹಡಿ ಮೇಲಿನ ಗ್ಯಾಲರಿಗೆ ಉದ್ಘಾಟನೆಯ ದಿನ ಬಿಟ್ಟರೆ ಯಾರೂ ಹತ್ತೋದಿಲ್ಲ. ನಾಟಕಕ್ಕೆ ಬಂದ ಅರವತ್ತು ಜನ ಟೀ ಕುಡಿಯುತ್ತಾ ಚಿತ್ರ ನೋಡುವಂತೆ ಇರಬೇಕು. ಜಗಲಿಯನ್ನು ಹದಿನಾಲ್ಕು ಅಡಿ ಅಗಲ ಮಾಡಿ ಮುಚ್ಚಿ. ಬಿಸಿಲು ಚಿತ್ರದ ಮೇಲೆ ನೇರ ಬೀಳಬಾರದು, ಬೆಳಕು ಉತ್ತರದ ಕಿಟಕಿಯಿಂದ ಬರಲಿ. ಹೊರಗೋಡೆಗೆ ಚಿತ್ರ ತೂಗಲೇಬೇಡಿ, ಮಳೆಗಾಲದಲ್ಲಿ ಗೋಡೆ ಬೆವರುತ್ತೆ. ಗೋಡೆಯಿಂದ ಮೂರು ಇಂಚು ಬಿಟ್ಟು ಪ್ಲೈ ಗೋಡೆ ನಿಲ್ಲಿಸಿ, ಬಿಳಿ ಬಣ್ಣ ಹೊಡೆದು, ಅದಕ್ಕೆ ಮೊಳೆ ಹೊಡೆಯಿರಿ. ಹಿಂದೆ ಗಾಳಿ ಆಡುತ್ತೆ, ಬೇಕೆಂದಲ್ಲಿ ಮೊಳೆ ಹೊಡೆಯಬಹುದು. ಚಿತ್ರದ ನಡು ನೆಲದಿಂದ ಐದು ಅಡಿಗೆ ಬರಲಿ. ನಮ್ಮಲ್ಲಿ ಚಿತ್ರವನ್ನು ದೇವರ ಪಟದ ಹಾಗೆ ಮೇಲೆ ತೂಗುವ ಅಭ್ಯಾಸ, ಕತ್ತು ನೋಯುತ್ತೆ. ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ, ಜಲವರ್ಣಕ್ಕೆ 50 ಲಕ್ಸ್ ಸಾಕು, ತೈಲವರ್ಣಕ್ಕೆ 200ರವರೆಗೆ ಆಗುತ್ತೆ. ಲಕ್ಸ್ ಅಳೆಯುವ ಆ್ಯಪ್ ಮೊಬೈಲಿನಲ್ಲೇ ಇರುತ್ತೆ, ಅಂದಾಜಿಗೆ ಸಾಕು.

ಒಂದು ಎಚ್ಚರಿಕೆ. ನಕ್ಷೆ ಅಂತಿಮ ಮಾಡುವ ಮೊದಲು ಆ ಜಾಗ ಬಳಸುವವರನ್ನು ಕೂರಿಸಿ ಕೇಳಿ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು 2015ರಲ್ಲಿ ಖಾಸಗಿಯವರಿಗೆ ದತ್ತು ಕೊಟ್ಟು ಹೊಸದು ಮಾಡಿಸಲು ಸರ್ಕಾರ ಹೊರಟಾಗ ಕಲಾವಿದರು ಬೀದಿಗೆ ಬಂದರು. ಗ್ಯಾಲರಿ ಚೆನ್ನಾಗಾಗೋದು ಯಾರಿಗೂ ಬೇಡ ಅಂತಲ್ಲ. ನಮ್ಮನ್ನು ಕೇಳಲಿಲ್ಲ ಅನ್ನೋದೇ ದೊಡ್ಡ ನೋವಾಗಿತ್ತು. ನಿಮ್ಮ ಸಮಿತಿಯಲ್ಲಿ ಒಬ್ಬ ನೃತ್ಯದ ಟೀಚರ್, ಒಬ್ಬ ವೇಷಧಾರಿ, ಚಿತ್ರಕಲಾ ಮೇಷ್ಟ್ರು, ಲೈಟಿನ ಹುಡುಗ ಇದ್ದಾರಾ? ಹಾಲು ಗುಡಿಸುವವರನ್ನೂ ಕೇಳಿ. ನೀರು ಎಲ್ಲಿ ನಿಲ್ಲುತ್ತೆ ಅಂತ ಅವರಿಗೆ ಮಾತ್ರ ಗೊತ್ತಿರುತ್ತೆ.

ದುಡ್ಡಿನಲ್ಲಿ ಮೊದಲು ಎಂಟು ಲಕ್ಷ ತೆಗೆದು ಬ್ಯಾಂಕಿನಲ್ಲಿ ಇಡಿ, ಮುಟ್ಟಬೇಡಿ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ವೈರಿಂಗ್ ನೋಡಿಸಿ, ಹೆಂಚು ಸರಿಸಿ, ಗಟಾರ ತೆಗೆಸಿ. ಉಳಿದದ್ದು ಸೂರಿಗೆ, ಸದ್ದಿಗೆ, ಕರೆಂಟಿಗೆ, ವೇದಿಕೆಗೆ, ಶೌಚಾಲಯಕ್ಕೆ ಇದೇ ಕ್ರಮದಲ್ಲಿ ಹೋಗಲಿ. ತರಗತಿ ಕೋಣೆ ಮತ್ತು ಬಯಲು ರಂಗ ಮುಂದಿನ ವರ್ಷಕ್ಕೆ ಹೋದರೂ ನಷ್ಟ ಇಲ್ಲ. ಮದುವೆಗೆ ಬಾಡಿಗೆ ಕೊಟ್ಟು ಆದಾಯ ಮಾಡೋಣ ಅನ್ನೋ ಮಾತು ಬಂದೇ ಬರುತ್ತೆ. ಕೊಡೋದಾದರೆ ಅಡುಗೆ ಒಲೆ ಕಟ್ಟಡದಿಂದ ದೂರ ಇರಲಿ. ಒಗ್ಗರಣೆ ಹೊಗೆ ಪರದೆಗೆ ಹತ್ತಿದರೆ ಹೋಗೋದಿಲ್ಲ. ಮದುವೆ ಸೀಸನ್ನಿಗೂ ನಾಟಕದ ಸೀಸನ್ನಿಗೂ ದಿನಾಂಕ ಒಂದೇ ಅನ್ನೋದೂ ನೆನಪಿರಲಿ. ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ಶುರುವಾದ ನೀನಾಸಂ ಇವತ್ತಿಗೂ ಇದೆ ಅಂದರೆ ಕಟ್ಟಡ ಚೆನ್ನಾಗಿದೆ ಅಂತಲ್ಲ, ಅಲ್ಲಿ ಏನಾದರೂ ನಡೀತಾ ಇರುತ್ತೆ ಅಂತ.

ಇನ್ನು ಆ ಆರು ಪರದೆ. ಇವತ್ತೇ ಒಂದು ಕೆಲಸ ಮಾಡಿ. ಅವನ್ನು ಮಡಚಿ ಇಟ್ಟಿದ್ದರೆ ಬಿಚ್ಚಿ. ಅರಮನೆ, ಕಾಡು, ಬೀದಿ, ದರ್ಬಾರು, ಹೀಗೆ ಕಂಪನಿ ನಾಟಕದ ಕಾಲದ ಪರದೆ ಇರಬೇಕು. ಅವಕ್ಕೆ ಹೆಚ್ಚಾಗಿ ಪುಡಿ ಬಣ್ಣವನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ನೀರು ತಾಗಿದರೆ ಬಣ್ಣ ಎದ್ದು ಬರುತ್ತೆ, ಹಾಗಾಗಿ ಒದ್ದೆ ಬಟ್ಟೆಯಲ್ಲಿ ಒರೆಸೋದು, ಒಗೆಯೋದು, ಮೇಲೆ ವಾರ್ನಿಷ್ ಹೊಡೆಯೋದು ಯಾವುದೂ ಬೇಡ. ಮೆತ್ತನೆ ಬ್ರಷ್ಷಿನಲ್ಲಿ ಧೂಳು ಮಾತ್ರ ತೆಗೆಯಿರಿ. ಮಡಚಿದ ಗೆರೆಯಲ್ಲಿ ಬಣ್ಣ ಉದುರುತ್ತೆ, ಅದಕ್ಕೆ ಸುತ್ತಿಡಬೇಕು. ಎಂಟು ಇಂಚಿನ ಪಿ.ವಿ.ಸಿ. ಪೈಪಿಗೆ ಹಳೇ ಬಿಳಿ ಪಂಚೆ ಹೊದಿಸಿ, ಬಣ್ಣದ ಮುಖ ಹೊರಗೆ ಬರುವಂತೆ ಸಡಿಲವಾಗಿ ಸುತ್ತಿ. ನಡುವೆ ಇನ್ನೊಂದು ತೆಳು ಬಟ್ಟೆ ಹಾಕಿ. ನೆಲದಿಂದ ಎರಡು ಅಡಿ ಮೇಲೆ, ಎರಡು ತುದಿಗೂ ಆಧಾರ ಕೊಟ್ಟು ಇಡಿ. ಜಗಲಿ ಸಿದ್ಧವಾದಾಗ ಒಂದನ್ನು ಬಿಚ್ಚಿ, ಪೂರ್ತಿ ಗೋಡೆಗೆ ಇಳಿಬಿಡಿ. ಮೂರು ತಿಂಗಳಿಗೊಮ್ಮೆ ಬದಲಾಯಿಸಿ. ಮೊದಲು ಯಾವುದು ಅಂತ ಕೇಳಿದರೆ, ಫೋಟೋದಲ್ಲಿ ಅರ್ಧ ಬಿಚ್ಚಿಕೊಂಡಿರುವ ಆ ಕಾಡಿನ ಪರದೆ. ಎಡಮೂಲೆಯಲ್ಲಿ ಮರದ ಹಿಂದೆ ಏನೋ ಒಂದು ಪ್ರಾಣಿ ಇದೆ. ಹುಲಿಯೋ ಜಿಂಕೆಯೋ ಸರಿ ಕಾಣಲಿಲ್ಲ, ಬಿಚ್ಚಿದಾಗ ಒಂದು ಫೋಟೋ ಕಳಿಸಿ.